ಕೆನ್ನೆಯ ಮೇಲೆ ಮೂರು ಬೆರಳು

“ಅಮ್ಮಾ, ಗಾಜಿನಕ್ಕ ಅಪ್ಪನ ಕೆನ್ನೆಗೆ ಯಾಕೆ ಹೊಡೆದ್ರು?”

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಐದು ವರ್ಷದ ಮಗಳು ಕೇಳಿದಳು. ತಾಯಿ ಸೌಟನ್ನು ಹಾಗೇ ಹಿಡಿದುಕೊಂಡು ಗಂಡನ ಮುಖ ನೋಡಿದಳು. ಹಳೇ ಪೇಪರಿನ ಕಟ್ಟು ಕೊಟ್ಟು ಬರುತ್ತೇನೆಂದು ಮಗಳನ್ನೂ ಕರೆದುಕೊಂಡು ಕಸದ ಡಿಪೋಗೆ ಹೋಗಿದ್ದವನು, ಬಂದಾಗಿನಿಂದ ಎಡಗೆನ್ನೆಯನ್ನು ಗೋಡೆಯ ಕಡೆಗೇ ಮಾಡಿಕೊಂಡು ಓಡಾಡುತ್ತಿದ್ದ. ಗಲ್ಲ ಹಿಡಿದು ತಿರುಗಿಸಿದರೆ ಕೆಂಪಗೆ ಬೆರಳು ಮೂಡಿವೆ. ಐದಲ್ಲ, ಮೂರೇ. ಮೂರೇ ಬೆರಳು ಮೂಡಿಸುವ ಕೈ ಆ ಊರಿಗೆಲ್ಲ ಒಂದೇ ಇದ್ದದ್ದು.

“ಏನು ಮಾಡಿದ್ರಿ ಅವರಿಗೆ?”

“ಪೇಪರ್ ಕೊಟ್ಟೆ ಕಣೇ. ಮನೆ ನಂಬರ್ ಕೇಳಿದ್ರು, ಹೇಳ್ದೆ. ಅಷ್ಟೇ. ಕೈ ಬೀಸಿದ್ದೂ ಕಾಣಿಸ್ಲಿಲ್ಲ.” ಅವನು ಪೋಸ್ಟ್‌ಮ್ಯಾನ್. “ಹನ್ನೊಂದು ವರ್ಷದ ಸರ್ವೀಸಲ್ಲಿ ನಾಯಿ ಬಿಟ್ರೆ ಇನ್ಯಾರೂ ನನ್ನ ಮೇಲೆ ಬಿದ್ದಿರ್ಲಿಲ್ಲ.”

“ಆಮೇಲೆ ನನ್ನ ಎತ್ಕೊಂಡು ಕೈ, ಕಾಲು, ಬೆನ್ನು ಎಲ್ಲಾ ನೋಡಿದ್ರು,” ಎಂದಳು ಮಗಳು. “ಎಲ್ಲಾದ್ರೂ ಗಾಯ ಇದೆಯಾ ಮರಿ ಅಂದ್ರು. ಮಂಡಿ ಮೇಲೆ ಇದೆ ಅಂದೆ.”

“ಅಯ್ಯೋ ಪುಣ್ಯಾತ್ಗಿತ್ತಿ, ಎರಡನೇ ಏಟು ಬಿದ್ದಿದ್ದು ಅದಕ್ಕೇನಾ?”

ತಾಯಿಗೆ ನಗು ಬರಲಿಲ್ಲ. ಮೈಯೆಲ್ಲ ಉರಿಯಿತು. ಸೌಟನ್ನು ಪಾತ್ರೆಗೆ ಹಾಕಿ, ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಟಳು.

ಗಾಜಿನಕ್ಕನನ್ನು ಅವಳು ಬಲ್ಲಳು. ಆ ಬೀದಿಯಲ್ಲಿ ಅರಿಯದವರಾರು? ಇಪ್ಪತ್ತೆರಡು ವರ್ಷದಿಂದ ಡಿಪೋದಲ್ಲಿ ಗಾಜು ಬೇರ್ಪಡಿಸುವ ಕೆಲಸ. ಬಿಳಿ ಗಾಜು ಒಂದು ಡ್ರಮ್ಮಿಗೆ, ಹಸಿರು ಒಂದಕ್ಕೆ, ಕಂದು ಒಂದಕ್ಕೆ. ಎಸೆದ ಬಾಟಲಿ ಡ್ರಮ್ಮಿನ ತಳ ಮುಟ್ಟುವುದರೊಳಗೆ ಇನ್ನೊಂದು ಕೈಯಲ್ಲಿರುತ್ತಿತ್ತು. ಹಿಂದೆ ಅವಳ ಗಂಡನೂ ಅಲ್ಲೇ ಇದ್ದ. ಡಬ್ಬ, ರಟ್ಟುಗಳನ್ನು ಅಪ್ಪಳಿಸಿ ಚಪ್ಪಟೆ ಮಾಡುವ ಪ್ರೆಸ್ಸು ಅವನ ಕೈಯಲ್ಲಿತ್ತು. ಡಿಪೋದಲ್ಲಿ ಮಾಡಿದ್ದು ಸಾಲದೆಂಬಂತೆ ಅದೇ ಕೆಲಸವನ್ನು ಮನೆಯಲ್ಲೂ ಮಾಡುತ್ತಿದ್ದ. ಕೈಗೆ ಸಿಕ್ಕಿದ್ದೆಲ್ಲ ಗೋಡೆಗೆ. ಗೋಡೆಗೆ ತಪ್ಪಿದ್ದು ಅವಳಿಗೆ. ಮೊದಲು ಮೂಗು ಒಡೆಯಿತು. ಆಮೇಲೆ ಎರಡು ಹಲ್ಲು ಹೋದವು. ಕೊನೆಗೊಂದು ದಿನ ಅವಳ ಬಲಗೈಯನ್ನು ಬಾಗಿಲಸಂದಿಗೆ ತುರುಕಿ ಬಾಗಿಲನ್ನು ಒದ್ದ. ಒಂದಲ್ಲ, ಎರಡು ಸಲ. ಸಲಕ್ಕೊಂದು ಬೆರಳು ಹೋಯಿತು. ಅವಳು ಎಡಗೈಗೆ ಸಿಕ್ಕ ಬಾಟಲಿಯನ್ನು ಅವನ ನೆತ್ತಿಗೆ ಇಳಿಸಿದಳು. ಹೊಲಿಗೆ ಹಾಕಿಸಿಕೊಂಡು ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. “ಬಿಳಿ ಬಾಟ್ಲಿ ಬೇಗ ಪುಡಿಯಾಗುತ್ತೆ, ಕಂದು ಬಾಟ್ಲಿ ಗಟ್ಟಿ,” ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಹೇಳುವಾಗ ಅದನ್ನೇ ಉದಾಹರಣೆ ಕೊಡುತ್ತಿದ್ದಳು. ಕೇಳಿದವರು ನಗಬೇಕೋ ಬೇಡವೋ ತಿಳಿಯದೆ ಕೆಮ್ಮುತ್ತಿದ್ದರು.

ಅವಳು ನಗದೆ ಹೇಳುತ್ತಿದ್ದದ್ದು ಒಂದೇ ಮಾತು. “ಸಾಲುಮನೆ ನಮ್ದು. ಅಕ್ಕಪಕ್ಕ ಎಂಟು ಸಂಸಾರ. ಬಾಗಿಲು ಒದ್ದಿದ್ದು ಎಂಟು ಮನೆಗೂ ಕೇಳಿಸ್ತು.”

ತಾಯಿ ಹೋದಾಗ ಗಾಜಿನಕ್ಕ ಶೆಡ್ಡಿನಲ್ಲಿ ಒಬ್ಬಳೇ ಇದ್ದಳು.

“ನನ್ನ ಗಂಡನ ಮೇಲೆ ಕೈ ಮಾಡೋಕೆ ನೀವ್ಯಾರು?”

ಗಾಜಿನಕ್ಕ ಎದ್ದು ಬಂದು ಅವಳ ಕತ್ತು ನೋಡಿದಳು, ದವಡೆ ನೋಡಿದಳು. “ತೋಳು ತೋರಿಸು.”

“ಏನಂದ್ರಿ?”

“ತೋಳು ತೋರಿಸು ತಂಗಿ. ಬೈಯೋದು ಆಮೇಲೆ ಬೈಯುವಂತೆ, ನಾನೇನು ಓಡಿಹೋಗಲ್ಲ.”

ಸಿಟ್ಟಿನಲ್ಲೇ ತಾಯಿ ಎರಡು ತೋಳನ್ನೂ ಮುಂದೆ ಚಾಚಿದಳು. ಎಣ್ಣೆ ಸಿಡಿದ ಒಂದು ಕಲೆ ಬಿಟ್ಟರೆ ಏನೂ ಇರಲಿಲ್ಲ. ಗಾಜಿನಕ್ಕನ ಹುಬ್ಬು ಗಂಟಾಯಿತು. ಮೇಜಿನ ಕೆಳಗಿಂದ ಒಂದು ಕ್ರೇಟನ್ನು ಕಾಲಲ್ಲೇ ಎಳೆದಳು. ಅದರ ತುಂಬ ಪೇಪರಿನಲ್ಲಿ ಸುತ್ತಿದ ಪೊಟ್ಟಣಗಳು. ಒಂದೊಂದಕ್ಕೂ ಮನೆ ನಂಬರಿನ ಚೀಟಿ. ಡಿಪೋದ ಪದ್ಧತಿ ಅದು: ಯಾವ ಮನೆಯ ಚೀಲವೋ ಆ ಮನೆಯ ನಂಬರು ಚೀಲಕ್ಕೆ ಕಟ್ಟಿರಲೇಬೇಕು. ಎಲ್ಲ ಚೀಟಿಯ ಮೇಲೂ ಇದ್ದದ್ದು ತಾಯಿಯ ಮನೆಯ ನಂಬರು.

“ಪೆನ್ನು ಹಿಡಿಯೋಕೆ ನನಗೆ ಬೆರಳಿಲ್ಲ. ಅದಕ್ಕೆ ಸಿಕ್ಕಿದ ದಿನದ ಪೇಪರಲ್ಲೇ ಸುತ್ತಿಡ್ತೀನಿ. ತಾರೀಕು ಅದರ ಮೇಲೇ ಇರುತ್ತಲ್ಲ.”

ಒಂದೊಂದಾಗಿ ಬಿಚ್ಚಿದಳು. ನೀಲಿ ತಟ್ಟೆಯ ಚೂರು. ನಡುವೆ ಮುರಿದ ಕನ್ನಡಕ. ರಕ್ತ ಒಣಗಿ ಹಪ್ಪಳದಂತಾದ ಟವೆಲ್ಲು. ಬುಡಸಮೇತ ಕಿತ್ತುಬಂದ ಉದ್ದನೆಯ ಕೂದಲಿನ ಮುದ್ದೆ. ಬುಡಕ್ಕೆ ಚರ್ಮ ಅಂಟಿಕೊಂಡಿತ್ತು. ಅವತ್ತಿನ ಪೇಪರಿನಲ್ಲಿ ಸುತ್ತಿದ್ದ ಕೊನೆಯ ಪೊಟ್ಟಣದಲ್ಲಿ ಒಂದು ಹಲ್ಲು.

“ಹಲ್ಲು ಕೈಗೆ ಬಂದ ಹತ್ತು ನಿಮಿಷಕ್ಕೆ ನಿನ್ನ ಗಂಡ ಬಂದ. ನಂಬರ್ ಕೇಳ್ದೆ. ಕೈ ತಡೀಲಿಲ್ಲ. ಇದನ್ನೂ ನೋಡು.”

ಹರಿದ ಹಾಳೆಯೊಂದನ್ನು ಚೂರು ಚೂರು ಸೇರಿಸಿ ಟೇಪು ಹಚ್ಚಿದ್ದಳು. ‘ಇವತ್ತೂ ಹೊಡೆತ. ಮಗು ಬೆಚ್ಚಿ ಅತ್ತಿತು. ಯಾರಿಗೆ ಹೇಳಲಿ?’ ತಾಯಿಯದೇ ಅಕ್ಷರ. ದಿನಾ ನಾಲ್ಕು ಸಾಲು ಬರೆಯುವುದು ಅವಳ ಅಭ್ಯಾಸ; ಇಂಥ ಸಾಲುಗಳನ್ನು ಮಾತ್ರ ಮರುದಿನ ಓದಿ, ಹೆದರಿ, ಹರಿದು ಬಿಸಾಡುತ್ತಿದ್ದಳು.

“ಬರೆದಿದ್ದು ನಾನೇ. ಆದ್ರೆ ಹೊಡೆತ ನಮ್ಮನೇಲಲ್ಲ ಅಕ್ಕ. ಮೇಲಿನ ಮನೇಲಿ.”

ಮೇಲಿನ ಮನೆಯಲ್ಲಿದ್ದವನು ಔಷಧಿ ಅಂಗಡಿಯವನು. ಕಟ್ಟಡ ಅವನದೇ; ಕೆಳಗಿನ ಭಾಗ ಇವರಿಗೆ ಬಾಡಿಗೆಗೆ. ನಗುನಗುತ್ತಾ ಮಾತಾಡಿಸುವ ಮನುಷ್ಯ, ಮಗುವಿಗೆ ಜ್ವರ ಬಂದರೆ ತಾನೇ ಮೆಟ್ಟಿಲಿಳಿದು ಔಷಧಿ ತಂದುಕೊಡುವವನು. ಅವನ ಹೆಂಡತಿ ಹೊರಗೆ ಕಾಣಿಸಿಕೊಳ್ಳುವುದೇ ಅಪರೂಪ.

ಗಾಜಿನಕ್ಕ ನೀಲಿ ಚೂರೊಂದನ್ನು ಬೆಳಕಿಗೆ ಹಿಡಿದಳು. “ಕೈಜಾರಿ ಬಿದ್ದ ತಟ್ಟೆ ನಾಲ್ಕು ಹೋಳಾಗುತ್ತೆ. ಗೋಡೆಗೆ ಎಸೆದಿದ್ದು ಪುಡಿಯಾಗುತ್ತೆ, ಗುಡಿಸುವಾಗ ಗೋಡೆ ಬಣ್ಣಾನೂ ಬರುತ್ತೆ. ಇಲ್ಲಿ ನೋಡು, ಹಸಿರು. ನಿಮ್ಮನೆ ಗೋಡೆ?”

“ಬಿಳಿ. ಅವರ ಅಡುಗೆಮನೆ ಹಸಿರು.”

ಗಾಜಿನಕ್ಕ ಬೆಳಿಗ್ಗೆ ಬಂದಿದ್ದ ಚೀಲವನ್ನು ರಾಶಿಯಿಂದ ಹುಡುಕಿ ತೆಗೆದಳು. ಅದರ ಬಾಯಿಯ ಹಗ್ಗವನ್ನು ಬೆರಳಲ್ಲಿ ಸವರಿದಳು. “ನೀನು ಯಾವಾಗ್ಲೂ ಒಂದೇ ಗಂಟು ಹಾಕೋಳು. ಇದು ಎರಡು ಗಂಟು. ಮೆಟ್ಟಿಲ ಕೆಳಗೆ ಇಟ್ಟ ನಿನ್ನ ಚೀಲ ಬಿಚ್ಚಿ, ತನ್ನದು ತುರುಕಿ, ಮತ್ತೆ ಕಟ್ಟಿದಾನೆ. ನಂಬರ್ ನೋಡ್ದೆ, ಗಂಟು ನೋಡ್ಲಿಲ್ಲ. ಇಪ್ಪತ್ತೆರಡು ವರ್ಷ ಮಾಡಿದ ಕೆಲಸಕ್ಕೆ ಬೆಂಕಿ ಬಿತ್ತು.” ಹಗ್ಗವನ್ನು ಕೈಬಿಟ್ಟಳು. “ಆ ಏಟು ವಿಳಾಸ ತಪ್ಪಿ ಬಂದಿದ್ದು ಅಂತ ನಿನ್ನ ಗಂಡನಿಗೆ ಹೇಳು. ಪೋಸ್ಟಿನವನಿಗೆ ಅರ್ಥ ಆಗುತ್ತೆ.”

ಚೀಲ ಎಳೆಯುವ ಕಬ್ಬಿಣದ ಕೊಕ್ಕೆಯನ್ನು ಗೋಡೆಯಿಂದ ತೆಗೆದುಕೊಂಡಳು.

“ಎಲ್ಲಿಗೆ ಅಕ್ಕ?”

“ನನಗೆ ಹಲ್ಲಾದ ಮೇಲೆ ಬೆರಳು ಹೋಯ್ತು. ಅವಳಿಗೆ ಹಲ್ಲಾದ ಮೇಲೆ ಏನು ಹೋಗುತ್ತೋ ಅಂತ ಕಾಯ್ತಾ ಕೂರ್ಲಾ?”

ಇಬ್ಬರೂ ಮೆಟ್ಟಿಲ ಬುಡಕ್ಕೆ ಬರುವಷ್ಟರಲ್ಲಿ ಮೇಲೆ ಏನೋ ಧಡಾರೆಂದು ಬಿತ್ತು. ಬೆನ್ನಿಗೇ ಅದುಮಿದಂಥ ಒಂದು ಕೂಗು. ಗಾಜಿನಕ್ಕ ಎರಡೆರಡು ಮೆಟ್ಟಿಲು ಹಾರಿ ಬಾಗಿಲು ಗುದ್ದಿದಳು. ಔಷಧಿ ಅಂಗಡಿಯವನು ಒಂದು ಗೇಣಷ್ಟೇ ತೆರೆದ. ಇಸ್ತ್ರಿ ಮಾಡಿದ ಶರ್ಟು, ಮುಖದ ಮೇಲೆ ಎಂದಿನ ನಗು.

“ಏನಿಲ್ಲ, ತಟ್ಟೆ ಕೈಜಾರ್ತು.”

“ಕೈಜಾರಿದ ತಟ್ಟೆ ಕೂಗುತ್ತಾ?”

ಅವನು ಬಾಗಿಲು ತಳ್ಳಿದ. ಗಾಜಿನಕ್ಕ ಸಂದಿಗೆ ಕಾಲು ಕೊಟ್ಟಳು. ಅವನು ಇಡೀ ಮೈಭಾರ ಹಾಕಿ ಮತ್ತೆ ತಳ್ಳಿದಾಗ ಬಾಗಿಲ ಅಂಚು ಅವಳ ಹಣೆಗೆ ಬಡಿದು ಚರ್ಮ ಸೀಳಿತು, ರಕ್ತ ಕಣ್ಣಿಗಿಳಿಯಿತು. ಅವಳು ಕಾಲು ತೆಗೆಯಲಿಲ್ಲ. ಬಾಗಿಲಸಂದಿಯ ಪರಿಚಯ ಅವಳಿಗೆ ಹೊಸದಲ್ಲ. ಕೊಕ್ಕೆಯನ್ನು ಒಳಗೆ ಚಾಚಿ ಅವನ ಕಾಲರಿಗೆ ಸಿಕ್ಕಿಸಿ, ಒದ್ದೆ ಚೀಲವನ್ನು ಎಳೆಯುವ ಹಾಗೆ ಎಳೆದಳು. ಅವನ ಮುಖ ಚೌಕಟ್ಟಿಗೆ ಅಪ್ಪಳಿಸಿತು. ಬಾಗಿಲು ತೆರೆದುಕೊಂಡಿತು. ಅವನು ಅವಳ ಹೊಟ್ಟೆಗೆ ಗುದ್ದಿದ, ಕತ್ತು ಹಿಡಿದ. ಇಬ್ಬರೂ ಉರುಳಿ ನೀಲಿ ಚೂರುಗಳ ಮೇಲೆ ಬಿದ್ದರು.

ಅವರನ್ನು ದಾಟಿ ತಾಯಿ ಒಳಗೆ ಓಡಿದಳು. ಹಸಿರು ಗೋಡೆಯ ಕೆಳಗೆ ಅವನ ಹೆಂಡತಿ ಕೂತಿದ್ದಳು. ದವಡೆ ಒಂದು ಪಕ್ಕಕ್ಕೆ ಸರಿದು ಜೋತುಬಿದ್ದಿತ್ತು. ಬಾಯಿಂದ ರಕ್ತ ಮಡಿಲಿಗೆ ಸುರಿಯುತ್ತಿತ್ತು. ಅವಳ ಕೈ ಮಾತ್ರ, ಅಭ್ಯಾಸಬಲದಿಂದಲೋ ಏನೋ, ಸುತ್ತಲಿನ ಚೂರುಗಳನ್ನು ಗುಡ್ಡೆ ಮಾಡುತ್ತಿತ್ತು. ತಾಯಿ ಆ ಕೈ ಹಿಡಿದು ನಿಲ್ಲಿಸಿ, ಮಗುವನ್ನು ಎತ್ತುವ ಹಾಗೆ ಅವಳನ್ನು ಎತ್ತಿ, ಕೆಳಗೆ ತಂದು ತನ್ನ ಮನೆಯ ಚಿಲಕ ಹಾಕಿದಳು. ಪೋಸ್ಟ್‌ಮ್ಯಾನ್ ಮೇಲಕ್ಕೆ ಓಡಿದ. ಅವನೂ ಗಲಾಟೆ ಕೇಳಿ ಓಡಿಬಂದ ಬೀದಿಯ ಇನ್ನಿಬ್ಬರೂ ಸೇರಿ ಗಾಜಿನಕ್ಕನ ಕತ್ತಿನಿಂದ ಆ ಬೆರಳುಗಳನ್ನು ಬಿಡಿಸುವ ಹೊತ್ತಿಗೆ ಅವಳ ತುಟಿ ನೀಲಿಗಟ್ಟಿತ್ತು. ಇಬ್ಬರು ಹೆಂಗಸರನ್ನೂ ಆಸ್ಪತ್ರೆಗೆ ಸಾಗಿಸಿದರು.

ಮರುದಿನ ಬೆಳಿಗ್ಗೆ ಹಣೆಗೆ ಒಂಬತ್ತು ಹೊಲಿಗೆ ಹಾಕಿಸಿಕೊಂಡು, ಕ್ರೇಟು ಹೊತ್ತು, ಗಾಜಿನಕ್ಕ ಅವರ ಮನೆಗೆ ಬಂದಳು. ಕತ್ತಿನ ಸುತ್ತ ಕಪ್ಪು ಗುರುತು. ಮಾತು ಗೊರಗೊರ ಎನ್ನುತ್ತಿತ್ತು. ಮಗಳು ಅವಳ ಹಣೆಯನ್ನೇ ನೋಡುತ್ತಾ, “ಅಪ್ಪ ವಾಪಸ್ ಹೊಡೆದ್ರಾ?” ಎಂದು ಕೇಳಿದಳು.

“ನಿಮ್ಮಪ್ಪನಾ? ಪಾಪ, ನನ್ನ ಕೈ ಹಿಡ್ಕೊಂಡು ಆಸ್ಪತ್ರೆ ತನಕ ಅವರೇ ಅಳ್ತಾ ಬಂದ್ರು ಮರಿ.”

ಪೋಸ್ಟ್‌ಮ್ಯಾನ್ ಕೆಮ್ಮಿ ಮಗಳನ್ನು ಒಳಗೆ ಕಳಿಸಿದ. ಗಾಜಿನಕ್ಕ ಆಸ್ಪತ್ರೆಯ ಸುದ್ದಿ ಹೇಳಿದಳು. ಔಷಧಿ ಅಂಗಡಿಯವನು ಹೆಂಡತಿಯ ಮಂಚದ ಪಕ್ಕದಲ್ಲೇ ಕೈ ಹಿಡಿದು ಕೂತಿದ್ದಾನಂತೆ. ಕಸದವಳೊಬ್ಬಳು ಹುಚ್ಚು ಹಿಡಿದು ಮನೆಗೆ ನುಗ್ಗಿ ಇಬ್ಬರಿಗೂ ಹೊಡೆದಳೆಂದು ಬರೆದುಕೊಟ್ಟಿದ್ದಾನಂತೆ. ಹೆಂಡತಿಯ ದವಡೆಗೆ ತಂತಿ ಬಿಗಿದಿದ್ದಾರೆ, ಮಾತಿಲ್ಲ. ಇನ್‌ಸ್ಪೆಕ್ಟರು ಏನು ಕೇಳಿದರೂ ಗಂಡನ ಮುಖ ನೋಡಿ ತಲೆಯಾಡಿಸುತ್ತಾಳೆ. ಸಂಜೆ ಮನೆಗೆ ಕಳಿಸುತ್ತಾರೆ.

“ಕರ್ಕೊಂಡು ಬರೋದು ಅದೇ ಗೋಡೆ ಹತ್ರಕ್ಕೆ. ಕ್ರೇಟು ತೋರಿಸಿದೆ. ‘ಇದೆಲ್ಲ ಕೆಳಗಿನ ಮನೆ ನಂಬರು, ಅವರ ಮನೆ ಕಸಕ್ಕೆ ಇವರೇನು ಮಾಡ್ತಾರೆ’ ಅಂದ್ರು ಇನ್‌ಸ್ಪೆಕ್ಟರು. ಅವರು ಹೇಳಿದ್ದೂ ಸರಿ. ನಾನೇ ಮೋಸ ಹೋದೆನಲ್ಲ.”

ತಾಯಿ ಮೇಲೆ ನೋಡಿದಳು. ಅವರ ಚಾವಣಿಯೇ ಅವನ ನೆಲ. ಕಿವಿಯಾರೆ ಕೇಳಿದ್ದನ್ನು ತಾನು ಪೊಲೀಸರಿಗೆ ಬರೆದುಕೊಟ್ಟರೆ ಅವನು ಒಂದು ವಾರವೂ ಇಲ್ಲಿ ಇರಗೊಡುವುದಿಲ್ಲ. ಇರಗೊಟ್ಟರೆ ಅದು ಇನ್ನೂ ಭಯ. ಗಂಡನ ಕಡೆ ತಿರುಗಿದಳು. ಅವನು ಕೆನ್ನೆ ಸವರಿಕೊಳ್ಳುತ್ತಿದ್ದ. ಗುರುತು ಇನ್ನೂ ಮಾಸಿರಲಿಲ್ಲ.

“ಊರಲ್ಲಿ ಖಾಲಿ ಇರೋ ಮನೆ ಎಲ್ಲಾ ನಂಗೆ ಗೊತ್ತು,” ಎಂದ ಮೆಲ್ಲಗೆ. “ಅಲ್ಲಿಗೆ ಬಂದ ಕಾಗದ ವಾಪಸ್ ತರೋನು ನಾನೇ ಅಲ್ವಾ?”

ಗಾಜಿನಕ್ಕ ಪೊಟ್ಟಣಗಳನ್ನು ತಾರೀಕಿನ ಪ್ರಕಾರ ನೆಲದ ಮೇಲೆ ಸಾಲಾಗಿ ಇಟ್ಟಳು. ಕೊನೆಗೆ ಟೇಪು ಹಚ್ಚಿದ ಹಾಳೆಯನ್ನು ತಾಯಿಯ ಮುಂದೆ ಸರಿಸಿ, ಮೂರು ಬೆರಳಿನ ಕೈಯನ್ನು ಅದರ ಮೇಲಿಟ್ಟಳು.

“ತಂಗಿ, ನಿನ್ನಿಂದ ಒಂದು ಉಪಕಾರ ಆಗಬೇಕು. ನೀನು ಹರಿದು ಹಾಕಿದ್ದನ್ನೆಲ್ಲ ಮತ್ತೆ ಬರಿ. ಈ ಸಲ ಯಾರ ಮನೇಲಿ ಅಂತ ಬರಿ. ಕೆಳಗೆ ನಿನ್ನ ಹೆಸರು ಹಾಕು. ಬರೆದಾದ ಮೇಲೆ ಹರೀಬೇಡ, ನನ್ನ ಕೈಗೆ ಕೊಡು.”