ಅರುಂಧತಿಗಿಂತ ಮಂಕು

ಕೊಳ್ಳೇಗಾಲದ ರೇಷ್ಮೆ ನೂಲಿನ ವ್ಯಾಪಾರಿ ಷಡಕ್ಷರಿ ಯಾವ ನೂಲನ್ನೂ ಒಂಟಿಯಾಗಿ ನೋಡಿ ಮಾತಾಡಿದವರಲ್ಲ. ಹೊಸದೊಂದು ಲಡಿ ಕೈಗೆ ಬಂದರೆ ಅದರ ಆಚೆ ಈಚೆ ಹಳೆಯ ಎರಡು ಲಡಿ ಇಡುತ್ತಿದ್ದರು. ಒಂದು ಅದಕ್ಕಿಂತ ಹೊಳಪಿನದು, ಇನ್ನೊಂದು ಅದಕ್ಕಿಂತ ಮಂಕು. ಆಮೇಲೆ ಬಾಗಿಲ ಬೆಳಕಿಗೆ ಹಿಡಿದು, ನಡುವಿನದು ಯಾವ ಕಡೆಗೆ ವಾಲುತ್ತದೆಂದು ಹೇಳುತ್ತಿದ್ದರು. ಆಕಾಶವನ್ನು ನೋಡುವುದಕ್ಕೂ ಅವರಿಗೆ ಗೊತ್ತಿದ್ದುದು ಇದೊಂದೇ ದಾರಿ.

ಆಕಾಶದ ಹುಚ್ಚು ಹಿಡಿದದ್ದು ಐವತ್ತೇಳನೇ ಇಸವಿಯಲ್ಲಿ, ಸಂಜೆಯ ಪಡುವಣದಲ್ಲಿ ಬಾಲಚುಕ್ಕಿಯೊಂದು ಕಂಡಾಗ. ಊರವರು ಎರಡು ದಿನ ನೋಡಿ ಮರೆತರು. ಷಡಕ್ಷರಿ ಮಾತ್ರ ಅದು ಕರಗುವವರೆಗೂ ತಾರಸಿ ಇಳಿಯಲಿಲ್ಲ. ಮುಂದೆ ಹನೂರಿನ ನಿವೃತ್ತ ಸಿಪಾಯಿಯೊಬ್ಬರಿಂದ ಹಳೆಯ ದುರ್ಬೀನು ಕೊಂಡರು. ನಕ್ಷತ್ರಗಳ ಪಟವೊಂದನ್ನು ತರಿಸಿ ಹಲಗೆಗೆ ಅಂಟಿಸಿದರು. ಬಾಲಚುಕ್ಕಿ ಕಂಡ ಜಾಗಕ್ಕೆ ದಿನಕ್ಕೊಂದು ಗುಂಡುಸೂಜಿ ಚುಚ್ಚಿ, ಸೂಜಿಯಿಂದ ಸೂಜಿಗೆ ಕೆಂಪು ರೇಷ್ಮೆ ಎಳೆ ಕಟ್ಟುವರು. ಎಳೆ ಬಾಗಿದ ಓರೆ ನೋಡಿದರೆ ನಾಳೆಯ ಸೂಜಿ ಎಲ್ಲಿಗೆ ಎಂಬುದು ಹೆಚ್ಚುಕಡಿಮೆ ತಿಳಿಯುತ್ತಿತ್ತು.

ಕಾಂತಿ ಅಳೆಯುವುದು ಇನ್ನೂ ವಿಚಿತ್ರವಾಗಿತ್ತು. ನಕ್ಷತ್ರವೆಂದರೆ ಸೂಜಿಮೊನೆ, ಬಾಲಚುಕ್ಕಿಯ ತಲೆಯೋ ಹಿಂಜಿದ ಹತ್ತಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಹೇಗೆ? ಷಡಕ್ಷರಿಯವರದು ದಪ್ಪ ಗಾಜಿನ ಕನ್ನಡಕ. ಅದನ್ನು ತೆಗೆದರೆ ನಕ್ಷತ್ರಗಳೂ ಹತ್ತಿಯಂತೆ ಊದಿಕೊಳ್ಳುತ್ತವೆಂದು ಒಂದು ದಿನ ಅವರಿಗೆ ಹೊಳೆಯಿತು. ಅಂದಿನಿಂದ ಬಾಲಚುಕ್ಕಿಯನ್ನು ಕನ್ನಡಕ ಹಾಕಿ ನೋಡುವುದು, ನಕ್ಷತ್ರವನ್ನು ಕನ್ನಡಕ ತೆಗೆದು ನೋಡುವುದು. ನಸುಕಿನಲ್ಲಿ ತಾರಸಿಯ ಮೇಲೆ ಗಂಡ ಕನ್ನಡಕವನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡುವುದನ್ನು ಕಂಡು ಪುಟ್ಟಮಲ್ಲಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದರು.

"ಯಾರಾದ್ರೂ ನೋಡುದ್ರೆ ಏನಂದ್ಕಂಡಾರು? ಆಕಾಸಕ್ಕೇ ಕಣ್ ಪರೀಕ್ಷೆ ಮಾಡ್ತಾವ್ನೆ ಅಂದಾರು."

"ಅಂದ್ಕಳ್ಲಿ ಬುಡು. ಕಾಫಿ ತಕಂಡ್ ಬಂದ್ಯಾ?"

ಎಪ್ಪತ್ತನೇ ಇಸವಿಯಲ್ಲಿ ಈ ಹುಚ್ಚು ಮನೆಯೊಳಕ್ಕೇ ಕಾಲಿಟ್ಟಿತು. ಹಿರಿಯ ಮಗಳು ಶಿವನಾಗಮ್ಮನನ್ನು ಯಳಂದೂರಿನ ವೃಷಭೇಂದ್ರಪ್ಪನವರ ಹಿರಿಯ ಮಗನಿಗೆ ಕೊಡುವುದೆಂದು ಮಾತಾಗಿತ್ತು. ಹುಡುಗಿಗೆ ಹುಡುಗ ಹಿಡಿಸಿದ್ದ. ಹುಡುಗ ಮಾವನ ಅಂಗಡಿಗೆ ನೂಲಿನ ನೆಪ ಹೇಳಿಕೊಂಡು ಬಂದು ಹೋಗುವುದನ್ನು ಬೀದಿಯೆಲ್ಲ ಕಂಡಿತ್ತು. ಅಷ್ಟರಲ್ಲಿ ಮಾರ್ಚ್ ಕೊನೆಯ ವಾರ, ಮೂಡಣದ ನಸುಕಿನಲ್ಲಿ ಉದ್ದ ಬಾಲದ ಚುಕ್ಕಿ ಎದ್ದಿತು. ಷಡಕ್ಷರಿ ಹಿಗ್ಗಿ ಹಲಗೆ ಇಳಿಸಿದರು. ಯಳಂದೂರಿನಲ್ಲಿ ಹುಡುಗನ ಅಜ್ಜಿ ದೊಡ್ಡಬಸಮ್ಮನೂ ಅದನ್ನೇ ಕಂಡರು. ಬಾಲಚುಕ್ಕಿ ಕಣ್ಣಿಗೆ ಕಾಣುವಷ್ಟು ದಿನ ಲಗ್ನ ಕೂಡದೆಂದು ಹೇಳಿ ಕಳಿಸಿದರು.

ಕಾಯಲು ಹೆಚ್ಚು ಕಾಲವಿರಲಿಲ್ಲ. ಗಂಡು ಹೆಣ್ಣು ಇಬ್ಬರೂ ಹಿರಿಯ ಮಕ್ಕಳಾದ್ದರಿಂದ ಜ್ಯೇಷ್ಠ ಮಾಸ ಆಗದು, ಅದರಾಚೆ ಆಷಾಢ. ಬಸವ ಜಯಂತಿಯ ಸುಮಾರಿಗೆ ಆಗದಿದ್ದರೆ ಮಳೆಗಾಲ ದಾಟಬೇಕು. ಅಷ್ಟರೊಳಗೆ ಚಾಮರಾಜನಗರದ ಕಡೆಯ ಇನ್ನೊಂದು ಹೆಣ್ಣಿನ ಮಾತು ಆ ಮನೆಯ ಜಗಲಿ ಹತ್ತುತ್ತಿತ್ತು.

ಏಪ್ರಿಲ್ ಹುಣ್ಣಿಮೆಯ ಮಗ್ಗುಲಿಗೆ ಬಾಲಚುಕ್ಕಿ ಕಾಣದಾಯಿತು. "ಓಯ್ತು, ಬಸವ ಜಯಂತಿ ಮಾರನೇ ದಿನ ಲಗ್ನ, ಪತ್ರಿಕೆ ಬರೆಸಿ" ಎಂದು ವೃಷಭೇಂದ್ರಪ್ಪ ಹೇಳಿ ಕಳಿಸಿದರು. ಪುಟ್ಟಮಲ್ಲಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಷಡಕ್ಷರಿ ಮಾತ್ರ ಸಪ್ಪಗಿದ್ದರು. ಆ ಬೆಳಿಗ್ಗೆಯೂ ದುರ್ಬೀನಿನಲ್ಲಿ ಅದನ್ನು ಅವರು ಕಂಡಿದ್ದರು. ಎಳೆ ಹೇಳಿದ ಜಾಗದಲ್ಲೇ, ಉತ್ತರದ ದಿಗಂತದ ಹತ್ತಿರ, ಬೆಳದಿಂಗಳಲ್ಲಿ ನೆನೆದ ಹತ್ತಿಯಂತೆ ಇತ್ತು.

"ತಿಂಗ್ಳ ಬೆಳಕು ಮುಚ್ಕಂಡದೆ ಅಷ್ಟೇಯ. ಬೆಳಕು ಸಣ್ಣಗಾಗ್ತಿದ್ದಂಗೆ ಮತ್ತೆ ಕಾಣ್ತದೆ," ಎಂದರು ಹೆಂಡತಿಗೆ.

"ನಿಮ್ಮ ದಮ್ಮಯ್ಯ, ಬಾಯ್ ಮುಚ್ಕಂಡಿರಿ. ಅವ್ರೇ ಓಯ್ತು ಅಂದವ್ರೆ, ನೀವ್ಯಾಕ್ ಅದೆ ಅಂದೀರಿ?"

"ಪತ್ರಿಕೆ ಅಂಚಿ, ಚಪ್ಪರ ಆಕಿದ್ಮೇಲೆ ಅವ್ರಿಗೇ ಕಂಡ್ರೆ?"

ಒಳಗೆ ಶಿವನಾಗಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿದ್ದಳು. ಷಡಕ್ಷರಿ ಮಧ್ಯಾಹ್ನದ ಬಸ್ಸು ಹತ್ತಿದರು. ಹಲಗೆಯನ್ನು ಪಂಚೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು.

ಯಳಂದೂರಿನ ಜಗಲಿಯಲ್ಲಿ ಅವರು ಇದ್ದದ್ದನ್ನು ಇದ್ದಂತೆ ಹೇಳಿದರು. ವೃಷಭೇಂದ್ರಪ್ಪನವರ ಮುಖ ಕೆಂಪಾಯಿತು.

"ಏನ್ರೀ ಬೀಗ್ರೇ, ನಿಮ್ ಮಗಳ ಮದ್ವೇನ ನೀವೇ ನಿಲ್ಸಕ್ ಬಂದಿದ್ದೀರಾ?"

ದೊಡ್ಡಬಸಮ್ಮ ಎಲೆಗೆ ಸುಣ್ಣ ಸವರುತ್ತಿದ್ದರು. "ಸುಮ್ನಿರ್ಲಾ," ಎಂದು ಮಗನನ್ನು ತಡೆದು ಕೇಳಿದರು: "ಲಗ್ನದ ದಿನ ಅದು ಇರ್ತದಾ, ಇರಕ್ಕಿಲ್ವಾ? ಅದ್ನೇಳು."

"ಇರ್ತದೆ ಅವ್ವ. ಆದ್ರೆ ದಿನಾ ಮಂಕಾಯ್ತಾ ಅದೆ. ನನ್ ಲೆಕ್ಕದಲ್ಲಿ ಆವತ್ತಿಗೆ ಅರುಂಧತಿಗಿಂತ ಮಂಕಾಗಿರ್ತದೆ. ಅರುಂಧತಿ ಕಾಣೋ ಕಣ್ಗೂ ಅದು ಕಾಣದು."

"ನಿನ್ ಲೆಕ್ಕ ತಪ್ಪುದ್ರೆ?"

"ತಪ್ಪುದ್ರೆ ಕಾಣ್ತದೆ," ಎಂದರು ಷಡಕ್ಷರಿ.

ಮುದುಕಿ ಎಲೆ ಮಡಿಸಿ ಬಾಯಿಗಿಟ್ಟರು. ಕತ್ತಲಾಗಿತ್ತು, ಚಂದ್ರ ಇನ್ನೂ ಹುಟ್ಟಿರಲಿಲ್ಲ. "ಅರುಂಧತಿ ಎಲ್ಲವ್ಳೆ, ತೋರ್ಸು," ಎಂದು ಅಂಗಳಕ್ಕೆ ಇಳಿದರು. ಷಡಕ್ಷರಿ ಸಪ್ತರ್ಷಿಗಳನ್ನು ತೋರಿಸಿ, ಆ ಗುಂಪಿನ ಬಾಲದ ನಡುವಿನ ನಕ್ಷತ್ರ ವಸಿಷ್ಠ, ಅದಕ್ಕೆ ಅಂಟಿಕೊಂಡಂತೆ ಇರುವ ಚುಕ್ಕಿ ಅರುಂಧತಿ ಎಂದರು. ದೊಡ್ಡಬಸಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು, ಕತ್ತು ಓರೆ ಮಾಡಿ ನೋಡಿದರು.

"ಒಂದೇ ಅದಲ್ಲ?"

"ಎರಡವೆ ಅವ್ವ."

"ನಂಗೊಂದೇ." ಮುದುಕಿ ಒಮ್ಮೆಲೇ ನಕ್ಕುಬಿಟ್ಟರು. "ನನ್ ಮದ್ವೇಲಿ ಮಟಮಟ ಮಧ್ಯಾನ ಅಯ್ನೋರು ಚಪ್ಪರದಿಂದೀಚ್ಗೆ ಕರ್ಕಬಂದು ಆಕಾಸ ತೋರ್ಸಿ, ಅರುಂಧತಿ ಕಂಡ್ಳಾ ತಾಯಿ ಅಂದ್ರು. ಕಂಡ್ಳು ಅಂದ್ಬುಟ್ಟೆ. ನೀನೇನಂದೆಲಾ?"

ವೃಷಭೇಂದ್ರಪ್ಪ ತಲೆ ಕೆರೆದುಕೊಂಡರು. "ನಾನೂ ಕಂಡ್ಳು ಅಂದೆ ಕಣವ್ವ. ಇನ್ನೇನಂದಾರು, ಉಣ್ಣಕ್ ಒತ್ತಾಗಿತ್ತು."

"ಮದ್ವೆಗೆ ಬೇಕಾದ ಚುಕ್ಕಿನೇ ಯಾರೂ ಕಂಡಿಲ್ಲ, ಅದ್ಕಿಂತ ಮಂಕಾದ ಬ್ಯಾಡದ್ ಚುಕ್ಕಿ ಯಾವೋನ್ ಕಣ್ಗೆ ಕಂಡದು?" ಎಂದ ದೊಡ್ಡಬಸಮ್ಮ ಮೆಟ್ಟಿಲು ಹತ್ತಿದರು. "ಪತ್ರಿಕೆ ಬರೆಸಪ್ಪ. ಆದ್ರೆ ನೋಡು, ಆವತ್ ನಸುಕಲ್ಲಿ ನಾನೇ ಎದ್ ನೋಡ್ತೀನಿ. ನನ್ ಕಣ್ಗೆ ಕಂಡ್ರೆ ಧಾರೆ ಇಲ್ಲ."

ಬೆಳದಿಂಗಳು ಸಣ್ಣಗಾಯಿತು. ಷಡಕ್ಷರಿ ಹೇಳಿದಂತೆಯೇ ಬಾಲಚುಕ್ಕಿ ಮತ್ತೆ ಕಂಡಿತು, ಬಡಕಲಾಗಿ. ಯಳಂದೂರಿನವರೂ ಕಂಡರು, ಆದರೆ ಪತ್ರಿಕೆ ನಿಲ್ಲಿಸಲಿಲ್ಲ. ಮುಂದಿನ ನಸುಕುಗಳಲ್ಲಿ ಷಡಕ್ಷರಿಯ ಕನ್ನಡಕಕ್ಕೆ ಬಿಡುವಿರಲಿಲ್ಲ. ಒಂದು ದಿನ ಅದು ಎಣಿಸಿದ್ದಕ್ಕಿಂತ ಹೊಳಪಾಗಿ ಕಂಡಾಗ ಅವರಿಗೆ ಊಟ ಸೇರಲಿಲ್ಲ. ಪುಟ್ಟಮಲ್ಲಮ್ಮ ಈಗ ಬೈಯುತ್ತಿರಲಿಲ್ಲ, ತಾವೂ ತಾರಸಿ ಹತ್ತಿ, "ಕರಗ್ತಾ?" ಎಂದು ಕೇಳುತ್ತಿದ್ದರು.

ವಾಡಿಕೆಯಂತೆ ಲಗ್ನ ಗಂಡಿನ ಮನೆಯಲ್ಲಿ. ಆ ದಿನ ನಸುಕಿಗೆ ಷಡಕ್ಷರಿ ಯಳಂದೂರಿನ ಹಿತ್ತಲಿಗೆ ಬಂದರೆ ದೊಡ್ಡಬಸಮ್ಮ ಆಗಲೇ ಕಂಬಳಿ ಹೊದ್ದು ಬಾವಿ ಕಟ್ಟೆಯ ಮೇಲೆ ಕುಳಿತು ಉತ್ತರಕ್ಕೆ ನೋಡುತ್ತಿದ್ದರು.

"ಇನ್ನೂ ಅದಾ?"

ಷಡಕ್ಷರಿ ದುರ್ಬೀನು ಹಿಡಿದರು. ಇತ್ತು. ದುರ್ಬೀನು ಇಳಿಸಿ ಬರಿಗಣ್ಣಲ್ಲಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಜಾಗ ಗೊತ್ತಿರೋದ್ಕೆ... ಏನೋ ಅದೆ ಅನ್ನಂಗೆ ಅದೆ ಅವ್ವ."

"ನಂಗಂತೂ ಇಲ್ಲ."

"ಎಲ್ಲಿ ಅಂತ ತೋರ್ಸ್ಲಾ?"

"ಬ್ಯಾಡ ಕಣಪ್ಪ," ಎಂದು ಮುದುಕಿ ಅವರ ಕೈ ಹಿಡಿದು ಕೆಳಗಿಳಿಸಿದರು. "ನೀನ್ ತೋರ್ಸುದ್ರೆ ಕಂಡ್ಬುಡ್ತದೆ. ಓಗು, ನೀರು ಕಾದದೆ, ಮಿಂದ್ಕ."