ನಿಲ್ಲದ ಎಂಜಿನ್ನು, ಓಡದ ಅರ್ಜೆಂಟಕ್ಕ

ಅವಳನ್ನು ಎಲ್ಲರೂ ಅರ್ಜೆಂಟಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೇನೂ ಬೇಜಾರಿರಲಿಲ್ಲ. ಬೇಜಾರು ಮಾಡಿಕೊಳ್ಳಲು ಪುರುಸೊತ್ತು ಬೇಕಲ್ಲ! ಹಾಲು ಉಕ್ಕುವ ಮೊದಲೇ ಒಲೆ ಆರಿಸುವವಳು, ಬಸ್ಸು ನಿಲ್ಲುವ ಮೊದಲೇ ಮೆಟ್ಟಿಲಿಗೆ ಬಂದು ನಿಲ್ಲುವವಳು. ಇಂಥವಳು ವರ್ಷಗಟ್ಟಲೆ ಸೋಪಿನ ಕಾರ್ಖಾನೆಯಲ್ಲಿ ಒಂದೇ ಸ್ಟೂಲಿನ ಮೇಲೆ ಕೂತು ಡಬ್ಬಿಗೆ ಸೋಪು ತುಂಬಿದಳು ಎಂದರೆ ನಂಬುತ್ತೀರಾ? ತುಂಬಿದಳು. ಸಂಜೆ ಮನೆಗೆ ಬರುವಾಗ ಮೈಯೆಲ್ಲ ಘಮಘಮ, ಮುಖ ಮಾತ್ರ ಸಪ್ಪೆ.

ಗಂಡ ಮಣ್ಣು ಅಗೆಯುವ ದೊಡ್ಡ ಯಂತ್ರದ ಆಪರೇಟರ್. ರಜೆಯ ದಿನ ಅವನಿಗೆ ಊಟದ ಡಬ್ಬಿ ಕೊಡಲು ಹೋದಾಗ ಯಂತ್ರ ಕೆಟ್ಟು ನಿಂತಿತ್ತು. ಮೆಕ್ಯಾನಿಕ್ ಬಾನೆಟ್ ಎತ್ತಿ, ಸೊಂಟದವರೆಗೂ ಒಳಗೆ ಇಳಿದು ಏನೋ ತಿರುಗಿಸುತ್ತಿದ್ದ. ಇವಳೂ ಇಣುಕಿದಳು. ಅಷ್ಟೇ, ಹೋಯಿತು ಕಥೆ! ಊಟದ ಡಬ್ಬಿ ಕೈಯಲ್ಲೇ ಉಳಿಯಿತು.

"ರೀ, ಇದನ್ನ ಎಲ್ಲಾದ್ರೂ ಕಲಿಸ್ತಾರಾ?"

"ಕಲಿಸ್ತಾರೆ. ಯಾಕೆ?"

"ಸುಮ್ನೆ ಕೇಳ್ದೆ."

ಗಂಡನಿಗೆ ಆಗಲೇ ಭಯವಾಯಿತು. ಅವಳು ಸುಮ್ಮನೆ ಕೇಳಿದ್ದು ಯಾವುದೂ ಸುಮ್ಮನೆ ಮುಗಿದದ್ದಿಲ್ಲ. ಡೀಸೆಲ್ ಮೆಕ್ಯಾನಿಕ್ ತರಬೇತಿಯ ಹೊಸ ತಂಡ ಶುರುವಾದ ದಿನ, ತಗಡಿನ ಮಾಡಿನ ಶೆಡ್ಡಿನ ಬಾಗಿಲಿಗೆ ಎಲ್ಲರಿಗಿಂತ ಮೊದಲು ಬಂದು ನಿಂತವಳು ಇವಳೇ. ಸೋಪಿನ ಕಾರ್ಖಾನೆಯ ಸೂಪರ್‌ವೈಸರ್ ಒಳ್ಳೆಯ ಮನುಷ್ಯ; "ಹೋಗಿ ಬಾರಮ್ಮ, ಪರೀಕ್ಷೆ ಮುಗಿಯೋವರೆಗೂ ನಿನ್ನ ಜಾಗ ಹಾಗೇ ಇಟ್ಟಿರ್ತೀನಿ" ಎಂದಿದ್ದ. ಅವಳಿಗೆ ಅದು ಆಶೀರ್ವಾದದ ಹಾಗೆ ಕೇಳಿಸಲಿಲ್ಲ, ಬೆದರಿಕೆಯ ಹಾಗೆ ಕೇಳಿಸಿತು.

ಶೆಡ್ಡಿನ ತುಂಬ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂತ ಎಂಜಿನ್ನುಗಳು. ನೆಲ ಎಣ್ಣೆ ಕುಡಿದು ಕರ್ರಗಾಗಿತ್ತು. ಮೊದಲ ಸಲ ಮೇಷ್ಟ್ರು ಪಿಸ್ಟನ್ ಕೈಗೆ ಕೊಟ್ಟಾಗ ಎಳೇ ಮಗುವನ್ನು ಎತ್ತಿಕೊಂಡಂತೆ ಎದೆಗಾನಿಸಿಕೊಂಡಳು. ಬಿಳಿ ರವಿಕೆ ಅವತ್ತಿಗೆ ಮುಗಿಯಿತು. ರಾತ್ರಿ ಮಗಳ ಪಕ್ಕದಲ್ಲಿ ಮಲಗಿ, "ಗಾಳಿನ ಒತ್ತಿ ಒತ್ತಿ ಕಾಯಿಸಿದ್ರೆ ಸಾಕು ಕಣೇ, ಡೀಸೆಲ್ ತಾನಾಗೇ ಹತ್ಕೊಳ್ಳುತ್ತೆ! ಕಿಡಿನೇ ಬೇಡ!" ಎಂದರೆ, ಮಗಳು, "ಅಮ್ಮಾ, ನಂಗೆ ನಿದ್ದೆ ಬೇಕು" ಎಂದು ಮಗ್ಗುಲು ಬದಲಾಯಿಸಿದಳು.

ಕೊನೆಯ ಪರೀಕ್ಷೆ ಹೀಗೆ: ಒಬ್ಬೊಬ್ಬರೂ ಒಂದು ಎಂಜಿನ್ನನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಕೊನೆಯ ದಿನ ಎಲ್ಲರೆದುರು ಸ್ಟಾರ್ಟ್ ಮಾಡಬೇಕು. ಬಂದರಿನ ಕ್ರೇನ್ ವರ್ಕ್‌ಶಾಪಿನ ಫೋರ್ಮನ್ ನೋಡಲು ಬರುತ್ತಾನೆ, ಒಬ್ಬರನ್ನು ಮಾತ್ರ ಕೆಲಸಕ್ಕೆ ಆರಿಸುತ್ತಾನೆ. ಆ ಒಬ್ಬಳು ತಾನಾಗದಿದ್ದರೆ ಮತ್ತೆ ಸ್ಟೂಲು, ಮತ್ತೆ ಸೋಪು.

ಅವಳ ಜೊತೆ ಕೈಜೋಡಿಸಿದವನು ಅದೇ ತಂಡದ ಲಾರಿಯಣ್ಣ. ಮಂಡಿನೋವಿನಿಂದ ಲಾರಿ ಓಡಿಸುವುದು ಬಿಟ್ಟು, ಈ ವಯಸ್ಸಿನಲ್ಲಿ ಪಾನಾ ಹಿಡಿದವನು. ಕೊನೆಯ ದಿನದ ಹಿಂದಿನ ಸಂಜೆ ಅರ್ಜೆಂಟಕ್ಕ ಜೋಡಣೆ ಮುಗಿಸಿ, ಎಂಜಿನ್ನಿಗೆ ಎಣ್ಣೆ ಹೊಯ್ದು, ಮುಚ್ಚಳ ಬಿಗಿದು ಮನೆಗೆ ಹೋದಳು. ಬೆಳಿಗ್ಗೆ ಬೇಗ ಬಂದ ಲಾರಿಯಣ್ಣ, ಪಾಪ, ತಂಗಿ ಗಡಿಬಿಡಿಯಲ್ಲಿ ಮರೆತಿರುತ್ತಾಳೆ ಎಂದುಕೊಂಡು ಇನ್ನೊಂದು ಸಲ ಹೊಯ್ದ. ಸ್ಟಾರ್ಟ್ ಮಾಡುವ ಮೊದಲು ಅಳತೆ ಕಡ್ಡಿ ಎಳೆದು ಎಣ್ಣೆಯ ಮಟ್ಟ ನೋಡಲೇಬೇಕೆಂದು ಮೇಷ್ಟ್ರು ಬಾಯಿ ನೋಯುವಷ್ಟು ಹೇಳಿದ್ದರು. ಆದರೆ ಅವತ್ತು ಇವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಡ್ಡಿ ಅಲ್ಲೇ ಇತ್ತು, ಇವಳು ಮುಟ್ಟಲಿಲ್ಲ.

ಸ್ವಿಚ್ ತಿರುಗಿಸಿದಳು. ಎಂಜಿನ್ ಕೆಮ್ಮಿತು, ನಡುಗಿತು, ಹತ್ತಿಕೊಂಡಿತು. "ಶಭಾಷ್!" ಎಂದು ಯಾರೋ ಕೂಗಿದರು. ಅರ್ಜೆಂಟಕ್ಕ ಕುಣಿಯುವುದೊಂದು ಬಾಕಿ!

ಅಷ್ಟರಲ್ಲಿ ಸದ್ದು ಬದಲಾಯಿತು. ಯಾರೂ ಮುಟ್ಟದೆಯೇ ಎಂಜಿನ್ನಿನ ವೇಗ ಏರತೊಡಗಿತು. ಮೇಷ್ಟ್ರು ಹಾರಿಬಂದು ಡೀಸೆಲ್ ಬಂದ್ ಮಾಡಿದರು. ಅದು ಕೇಳಬೇಕಲ್ಲ! ಹೆಚ್ಚಾದ ಎಣ್ಣೆ ಗಾಳಿಯ ದಾರಿಗೆ ನುಗ್ಗಿತ್ತು. ತನ್ನ ಎಣ್ಣೆಯನ್ನೇ ಸುಟ್ಟುಕೊಂಡು ಅದು ಚೀರುತ್ತಿತ್ತು. ಶೆಡ್ಡೆಲ್ಲ ದಟ್ಟ ಹೊಗೆ. ತಗಡು ಗಡಗಡ ನಡುಗಿತು. ಇನ್ನಷ್ಟು ಏರಿದರೆ ಒಡೆದು ಚೂರು ಚೂರಾಗಿ ಸಿಡಿಯುತ್ತದೆ.

"ಎಲ್ಲಾ ಹೊರಗೆ! ಓಡ್ರೋ!" ಮೇಷ್ಟ್ರು ಕೂಗಿ, ಎದುರಿಗಿದ್ದವರನ್ನು ಬಾಗಿಲಿನತ್ತ ದಬ್ಬಿದರು.

ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಓಡಿದರು. ಫೋರ್ಮನ್ ಓಡಿದ. ಮಂಡಿನೋವಿನ ಲಾರಿಯಣ್ಣ ಎಲ್ಲರಿಗಿಂತ ಮುಂದೆ ಓಡಿದ.

ಅರ್ಜೆಂಟಕ್ಕ ಓಡಲಿಲ್ಲ. ಎದೆ ಬಾಯಿಗೆ ಬಂದಿತ್ತು, ಆದರೆ ತಲೆ ಸ್ತಿಮಿತದಲ್ಲಿತ್ತು. ಡೀಸೆಲ್ ನಿಲ್ಲಿಸಿದರೂ ನಿಲ್ಲದ್ದು ಗಾಳಿ ನಿಲ್ಲಿಸಿದರೆ ನಿಲ್ಲಲೇಬೇಕು. ಬೆಂಚಿನ ಮೇಲಿದ್ದ ದಪ್ಪ ಹಲಗೆ ಎತ್ತಿಕೊಂಡು, ಗಾಳಿ ಎಳೆಯುವ ಕೊಳವೆಯ ಬಾಯಿಗೆ ಫಟ್ ಎಂದು ಬಡಿದು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಎಂಜಿನ್ ಒದ್ದಾಡಿತು, ಗುಟುರು ಹಾಕಿತು, ತಣ್ಣಗಾಯಿತು.

ಹೊಗೆಯೊಳಗಿಂದ ಮೇಷ್ಟ್ರು ಕೆಮ್ಮುತ್ತ ಬಂದು ಮೊದಲು ಅವಳ ಕೈಕಾಲು ನೋಡಿದರು. ಆಮೇಲೆ ಅಳತೆ ಕಡ್ಡಿ ಎಳೆದರು. ಮೇಲಿನ ಗುರುತನ್ನೂ ದಾಟಿ ಕಡ್ಡಿಯ ಅರ್ಧದವರೆಗೆ ಎಣ್ಣೆ.

"ಎಣ್ಣೆ ಹೊಯ್ದೋರು ಯಾರು?"

"ನಾನು ಸರ್" ಎಂದಳು ಅರ್ಜೆಂಟಕ್ಕ. "ನಾನೂ" ಎಂದ ಲಾರಿಯಣ್ಣ ಬಾಗಿಲ ಹೊರಗಿನಿಂದಲೇ. ಹೆದರಿ ಮುಖ ಬಿಳಿಚಿಕೊಂಡಿದ್ದವರೆಲ್ಲ ಒಮ್ಮೆಲೇ ನಕ್ಕುಬಿಟ್ಟರು. ಮೇಷ್ಟ್ರು ನಗಲಿಲ್ಲ.

"ಕಡ್ಡಿ ನೋಡಿದ್ಯಾ?"

"ಇಲ್ಲ ಸರ್. ಅವಸರದಲ್ಲಿ ಬಿಟ್ಟೆ. ತಪ್ಪು ನಂದೇ."

"ಫೇಲು" ಎಂದರು ಮೇಷ್ಟ್ರು.

ಅವಳು ತಲೆ ತಗ್ಗಿಸಿದಳು. ಸೋಪಿನ ವಾಸನೆ ಆಗಲೇ ಮೂಗಿಗೆ ಬಡಿದ ಹಾಗಾಯಿತು. ಆಗ ಫೋರ್ಮನ್ ಅಂಗಿ ಕೊಡವಿಕೊಳ್ಳುತ್ತ ಹತ್ತಿರ ಬಂದ.

"ಎಲ್ರೂ ಓಡಿದ್ವಿ. ನೀನ್ಯಾಕಮ್ಮಾ ಓಡ್ಲಿಲ್ಲ?"

"ಜೋಡಿಸಿದೋಳು ನಾನು ಸರ್. ನಾನೂ ಓಡಿದ್ರೆ ಅದನ್ನ ನಿಲ್ಲಿಸೋರು ಯಾರು?"

ಫೋರ್ಮನ್ ಮೇಷ್ಟ್ರ ಕಡೆ ತಿರುಗಿದ. "ಫೇಲು ಮಾಡಿದ್ದು ಸರಿ. ಮತ್ತೆ ಬಿಚ್ಚಿ ಜೋಡಿಸ್ಲಿ. ಪಾಸಾದ ದಿನ ನಮ್ಮಲ್ಲಿಗೆ ಕಳಿಸಿ. ಅಲ್ಲಿವರೆಗೂ ಆ ಜಾಗಕ್ಕೆ ನಾನು ಬೇರೆ ಯಾರನ್ನೂ ತಗೊಳ್ಳಲ್ಲ."

ಅರ್ಜೆಂಟಕ್ಕ ಕರ್ರಗಿನ ನೆಲದ ಮೇಲೇ ಕೂತುಬಿಟ್ಟಳು. ಕಣ್ಣಲ್ಲಿ ನೀರು, ಬಾಯಲ್ಲಿ ತಡೆಯಲಾಗದ ನಗು. ಅದೇ ಹೊತ್ತಿಗೆ ಗಂಡನ ಫೋನು ಬಂತು. ಬೆಳಿಗ್ಗೆಯಿಂದ ಅವನ ಜೀವವೂ ಇಲ್ಲೇ ಇತ್ತು.

"ಏನಾಯ್ತೇ?" ಎಂದ ಮೆಲ್ಲಗೆ.

"ಫೇಲಾದೆ ರೀ!" ಅವಳ ಕೂಗಿಗೆ ಇಡೀ ಶೆಡ್ಡು ತಿರುಗಿ ನೋಡಿತು. "ಇನ್ನೊಂದ್ಸಲ ಪೂರ್ತಿ ಬಿಚ್ಚೋಕೆ ಬಿಡ್ತಾರಂತೆ!"