ಎದುರುಮಾತಿಗೆ ಕಾದವಳು

ಆಸ್ಪತ್ರೆಯ ಇಸ್ತ್ರಿ ಕೋಣೆಯ ಮೇಲ್ವಿಚಾರಕಿ ನಿವೃತ್ತಳಾದಾಗ ಆ ಜಾಗ ದೊಡ್ಡಕ್ಕನದೇ ಎಂದು ಗೋಡೆಗಳಿಗೂ ಗೊತ್ತಿತ್ತು. ಅಲ್ಲಿದ್ದವರೆಲ್ಲ ಅವಳ ಕೈಯಲ್ಲಿ ಕಲಿತವರೇ. ಹೊಸದಾಗಿ ಬಂದಿದ್ದ ಮ್ಯಾನೇಜರಿಗೆ ಮಾತ್ರ ಗೊತ್ತಿರಲಿಲ್ಲ. ಅವಳನ್ನು ಕರೆಸಿ ಕೇಳಿದ: "ಈ ಕೆಲಸ ನಿಭಾಯಿಸ್ತೀರಾ?"

"ನನಗೇನು ಬರುತ್ತೆ ಸಾರ್," ಎಂದಳು ದೊಡ್ಡಕ್ಕ, ತಲೆ ತಗ್ಗಿಸಿ. "ಏನೋ ಒಂದಿಷ್ಟು ಉಜ್ಜಿಕೊಂಡಿರ್ತೀನಿ."

ಹೇಳಿ ಕಾದಳು. ಅವಳು ಬೆಳೆದ ಮನೆಯಲ್ಲಿ ಈ ಮಾತಿಗೊಂದು ಜೋಡಿ ಇತ್ತು. ನೆಂಟರು ಹೊಗಳಿದರೆ ತಾಯಿ "ಅಯ್ಯೋ, ಈ ಮೊದ್ದಿಗೇನು ಬರುತ್ತೆ" ಎನ್ನಬೇಕು. ನೆಂಟರು "ಛೆ, ಇಂಥ ಹುಡುಗಿ ಎಲ್ಲಿ ಸಿಕ್ತಾಳೆ" ಎನ್ನಬೇಕು. ಆ ಎರಡನೆಯ ಮಾತು ಬೀಳುವವರೆಗೆ ತಾಯಿ ಅವರನ್ನು ಕುರ್ಚಿಯಿಂದ ಏಳಲು ಬಿಡುತ್ತಿರಲಿಲ್ಲ.

ಮ್ಯಾನೇಜರ್ ಎರಡನೆಯ ಮಾತು ಆಡಲಿಲ್ಲ. "ಸರಿ, ಪರವಾಗಿಲ್ಲ," ಎಂದು ಮುಂದಿನವಳನ್ನು ಕರೆದ.

ಅವಳು ಗಿಣಿ. ಬಾಯಿ ಮುಚ್ಚದ್ದಕ್ಕೆ ಬಂದ ಹೆಸರು. ಕಾಲರಿನ ಮಡಿಕೆ ಕೂರಿಸುವುದನ್ನು ದೊಡ್ಡಕ್ಕನಿಂದಲೇ ಕಲಿತವಳು. "ಈ ಕೋಣೇಲಿ ನನ್ನಷ್ಟು ನೀಟಾಗಿ ಯಾರೂ ಮಾಡಲ್ಲ ಸಾರ್" ಎಂದದ್ದು ಬಾಗಿಲಾಚೆಗೂ ಕೇಳಿಸಿತು. ಸಂಜೆಗೆ ಜಾಗ ಅವಳದಾಯಿತು.

ಮನೆಯಲ್ಲಿ ತಾಯಿ ಸಮಾಧಾನ ಹೇಳಿದಳು. "ಹೋಗಲಿ ಬಿಡು. ಜಂಬ ಕೊಚ್ಚಿಕೊಳ್ಳೋ ಜನ ಅಲ್ಲ ನಾವು. ನಮ್ಮಷ್ಟು ವಿನಯ ಇನ್ಯಾರಿಗಿದೆ ಹೇಳು?"

ದೊಡ್ಡಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಈಗ ನೀನು ಆಡಿದ್ದೇನಮ್ಮ, ಜಂಬ ಅಲ್ವಾ? ಗಿಣಿ ತನ್ನ ಬಾಯಲ್ಲೇ ಹೊಗಳಿಕೊಂಡಳು. ನಾವು ಊರವರ ಬಾಯಲ್ಲಿ ಹೊಗಳಿಸಿಕೊಂಡ್ವಿ. ಅಷ್ಟೇ ವ್ಯತ್ಯಾಸ."

"ನಾನು ಕಲಿಸಿದ್ದು ಮರ್ಯಾದೆ ಕಣೇ."

"ನೀನು ಕಲಿಸಿದ್ದು ಇನ್ನೊಬ್ಬರ ಮಾತಿಗೆ ಕಾಯೋದು."

ಹೇಳಿದ ಮೇಲೂ ಸಿಟ್ಟು ಇಳಿಯಲಿಲ್ಲ, ಏಕೆಂದರೆ ಅದರ ಅರ್ಧ ಪಾಲು ತನ್ನ ಮೇಲೆಯೇ ಇತ್ತು. ಗಿಣಿ ಬಡಾಯಿ ಕೊಚ್ಚಿದಾಗಲೆಲ್ಲ, ತಾನು ಹಾಗಲ್ಲವಲ್ಲ ಎಂದು ಒಳಗೊಳಗೇ ಬೀಗುತ್ತ ಬಂದವಳು ಅವಳು.

ಮರುದಿನ ಗಿಣಿ ಡಾಕ್ಟರುಗಳ ಕೋಟುಗಳನ್ನು ತಂದು ಅವಳ ಮೇಜಿನ ಮೇಲೆ ರಾಶಿ ಹಾಕಿದಳು. "ಇವು ನೀವೇ ಮಾಡಿ ದೊಡ್ಡಕ್ಕ. ನಿಮ್ಮಷ್ಟು ಚೆನ್ನಾಗಿ ಯಾರಿಗೆ ಬರುತ್ತೆ?"

'ನನಗೇನು ಬರುತ್ತೆ' ನಾಲಿಗೆಯ ತುದಿಗೇ ಬಂದಿತ್ತು. ದೊಡ್ಡಕ್ಕ ಅದನ್ನು ನುಂಗಿದಳು. "ಯಾರಿಗೂ ಬರಲ್ಲ. ನಿನಗೂ ಬರಲ್ಲ."

"ನಿನ್ನೆ ನಿಮ್ಮ ಬಾಯಿಗೆ ಬೀಗ ಹಾಕಿದ್ಯಾರು ಮತ್ತೆ?"

ದೊಡ್ಡಕ್ಕ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ ನೇರ ಮ್ಯಾನೇಜರ್ ಮುಂದೆ ಹೋಗಿ ನಿಂತಳು. "ನಿನ್ನೆ ನಾನು ಹೇಳಿದ್ದು ಸುಳ್ಳು ಸಾರ್. ನನಗೆ ಈ ಕೆಲಸ ಬರುತ್ತೆ."

"ಆರ್ಡರ್ ಆಗಿಹೋಗಿದೆಯಲ್ಲಮ್ಮ."

"ಗೊತ್ತು. ಅವಳು ಹೇಳಿದ್ದನ್ನೂ ನಂಬಿದ್ರಿ, ನಾನು ಹೇಳಿದ್ದನ್ನೂ ನಂಬಿದ್ರಿ. ಕೋಣೆ ಇಲ್ಲೇ ಪಕ್ಕದಲ್ಲಿತ್ತು ಸಾರ್. ಎದ್ದು ಬಂದು ನೋಡಬಾರದಿತ್ತಾ?"